ಆರೋಗ್ಯ ಪ್ರಶ್ನೋತ್ತರ: ಅಭ್ಯಾಸವಿಲ್ಲದವರ ಮೊದಲ ಓಟ

ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಕೊನೆಗೋ ಮೇ ತಿಂಗಳಿನಲ್ಲೋ ಸಾಮಾನ್ಯವಾಗಿ ನಡೆಯುವ ವಿಶ್ವ 10 ಕಿಲೋಮೀಟರ್ ಓಟದ ಕಾಲವು ಸಮೀಪಿಸಿದಂತೆ, ಅದರ ಅಂಗವಾದ ‘ಮಜ್ಜಾ ರನ್’ನಲ್ಲಿ ಮೊದಲ ಬಾರಿಗೆ ಪಾಲ್ಗೊಳ್ಳಬಯಸುವವರ ಪತ್ರಗಳು ಬರತೊಡಗಿವೆ. ತ್ಯಾಗರಾಜನಗರ ಮತ್ತು ಅದರ ನೆರೆಯ ಬಡಾವಣೆಗಳಿಂದ ಬಂದವುಗಳಲ್ಲಿ, ಬಹುಮಂದಿಗೆ ಪ್ರಯೋಜನವಾಗತಕ್ಕ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನಗೆ 43 ವರ್ಷ. ಮನೆ ತ್ಯಾಗರಾಜನಗರದಲ್ಲಿ, ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ದಿನವಿಡೀ ಕುರ್ಚಿಯ ಮೇಲೆಯೇ ಕೂತಿರುತ್ತೇನೆ. ಆಫೀಸಿನವರು ಮಜ್ಜಾ ರನ್‌ಗೆ ನನ್ನ ಹೆಸರನ್ನೂ ಕೊಟ್ಟುಬಿಟ್ಟಿದ್ದಾರೆ. ಹೈಸ್ಕೂಲು ಬಿಟ್ಟ ಮೇಲೆ ನಾನು ಓಡಿದ್ದೇ ಇಲ್ಲ. ಇನ್ನು ಹತ್ತು ವಾರ ಇದೆ. ಓಡಬಹುದೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಓಡಬಹುದು, ಆದರೆ ಓಟದ ಒಂದು ದಿನಕ್ಕೆ ತಾವು ಕೊಡುವ ಮಹತ್ತ್ವವನ್ನು ಅದಕ್ಕೆ ಮುಂಚಿನ ಹತ್ತು ವಾರಗಳಿಗೆ ಕೊಡತಕ್ಕದ್ದು. 2008ರಲ್ಲಿ ಆರಂಭವಾದ ಈ ಓಟದ ಉತ್ಸವದಲ್ಲಿ, ಪೂರ್ವ ಆಫ್ರಿಕದ ಶ್ರೇಷ್ಠ ಓಟಗಾರರು ಹತ್ತು ಕಿಲೋಮೀಟರನ್ನು ಇಪ್ಪತ್ತೆಂಟು ನಿಮಿಷಗಳ ಆಸುಪಾಸಿನಲ್ಲಿ ಮುಗಿಸುವ ಸ್ಪರ್ಧೆಯು ಒಂದು. ಸುಮಾರು ಐದೂವರೆ ಕಿಲೋಮೀಟರಿನ, ಗೆಲುವು ಸೋಲುಗಳ ಲೆಕ್ಕವಿಲ್ಲದ ಮಜ್ಜಾ ರನ್ ಮತ್ತೊಂದು. ಘಂಟೆಗೆ ಐದು ಕಿಲೋಮೀಟರಿನಂತೆ ಬರಿದೆ ನಡೆದವರೂ ಇದನ್ನು ಒಂದು ಘಂಟೆ ಹತ್ತು ನಿಮಿಷದೊಳಗೆ ಮುಗಿಸಬಲ್ಲರಾದುದರಿಂದ, ನಡುನಡುವೆ ನಡೆಯುವುದರಲ್ಲಿ ಯಾವ ಅಗೌರವವೂ ಇಲ್ಲವೆಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ.

ಕುಳಿತು ಮಾಡುವ ಕೆಲಸವು ಹೃದಯಕ್ಕೆ ಹಿತವಲ್ಲವೆಂಬುದು ಹಳೆಯ ತಿಳಿವಳಿಕೆಯೇ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿದ ಜೆರಿ ಮಾರಿಸ್ ಎಂಬ ವೈದ್ಯರು, ದಿನವೆಲ್ಲ ಕುಳಿತಿರುತ್ತಿದ್ದ ಡ್ರೈವರುಗಳಿಗಿಂತ, ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದ ಕಂಡಕ್ಟರುಗಳಲ್ಲಿ ಹೃದ್ರೋಗವು ಕಡಮೆಯೆಂಬುದನ್ನು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಕಂಡಕ್ಟರುಗಳು ಯಾವ ಸ್ಪರ್ಧೆಗೂ ಹೋದವರಲ್ಲ. ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಮಾಡಿದ ಶ್ರಮವೇ ಅವರಿಗೆ ರಕ್ಷೆಯಾಯಿತು. ತಾವು ಸಂಪಾದಿಸಬೇಕಾದದ್ದೂ ಅದನ್ನೇ.

ಇಲ್ಲಿ ಎಲ್ಲ ಹೊಸಬರೂ ತಿಳಿದಿರಬೇಕಾದ ಒಂದು ಶಾರೀರಿಕ ತತ್ತ್ವವುಂಟು. ಅಭ್ಯಾಸವನ್ನು ಆರಂಭಿಸಿದ ಕೆಲವೇ ವಾರಗಳಲ್ಲಿ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಲು ಕಲಿಯುತ್ತದೆ, ಉಸಿರು ಹಗುರವಾಗುತ್ತದೆ. ಆದರೆ ಎಲುಬುಗಳೂ, ಮಾಂಸಖಂಡವನ್ನು ಎಲುಬಿಗೆ ಬಂಧಿಸುವ ಸ್ನಾಯುರಜ್ಜುಗಳೂ ಬಲಗೊಳ್ಳುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಓಡುವಾಗ ಒಂದೊಂದು ಹೆಜ್ಜೆಗೂ ಶರೀರದ ತೂಕದ ಎರಡರಿಂದ ಮೂರು ಪಟ್ಟು ಭಾರವು ಕಾಲಿನ ಮೇಲೆ ಬೀಳುತ್ತದೆ. ಮೂರನೆಯ ವಾರಕ್ಕೆ ಉಸಿರು ಸುಗಮವಾಯಿತೆಂಬ ಉತ್ಸಾಹದಿಂದ ದೂರವನ್ನೂ ವೇಗವನ್ನೂ ಒಟ್ಟಿಗೆ ಹೆಚ್ಚಿಸಿದವರು ಐದನೆಯ ವಾರಕ್ಕೆ ಮಂಡಿನೋವು ಹಿಮ್ಮಡಿನೋವುಗಳೊಂದಿಗೆ ವೈದ್ಯರ ಬಳಿಗೆ ಬರುವುದು ಈ ಕಾರಣದಿಂದಲೇ. ಉಸಿರು ಸಾಕೆನ್ನುವುದಕ್ಕೆ ಮುಂಚೆಯೇ ತಾವು ನಿಲ್ಲಿಸಬೇಕು.

ಮೊದಲ ಎರಡು ವಾರ ಓಡಲೇಬೇಡಿ. ವಾರಕ್ಕೆ ಐದು ದಿನ ಮೂವತ್ತು ನಿಮಿಷ ಬಿರುಸಾಗಿ ನಡೆಯಿರಿ. ಮೂರನೆಯ ವಾರದಿಂದ ದಿನ ಬಿಟ್ಟು ದಿನದಂತೆ ವಾರಕ್ಕೆ ಮೂರು ಬಾರಿ, ಐದು ನಿಮಿಷ ನಡೆದು, ಅನಂತರ ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ ಎಂಬ ಕ್ರಮವನ್ನು ಎಂಟು ಸಲ ಆವರ್ತಿಸಿ, ಮತ್ತೆ ಐದು ನಿಮಿಷ ನಡೆದು ಮುಗಿಸಿ. ಐದು ಮತ್ತು ಆರನೆಯ ವಾರಗಳಲ್ಲಿ ಎರಡು ನಿಮಿಷ ಓಟಕ್ಕೆ ಎರಡು ನಿಮಿಷ ನಡಿಗೆ. ಏಳರಿಂದ ಒಂಬತ್ತರವರೆಗೆ ಮೂರು ನಿಮಿಷ ಓಟಕ್ಕೆ ಒಂದು ನಿಮಿಷ ನಡಿಗೆ. ಒಂಬತ್ತನೆಯ ವಾರದಲ್ಲಿ ಒಮ್ಮೆ ಇದೇ ಕ್ರಮದಿಂದ ಐದು ಕಿಲೋಮೀಟರನ್ನು ಪೂರೈಸಿ ನೋಡಿ. ಹತ್ತನೆಯ ವಾರದಲ್ಲಿ ಅಭ್ಯಾಸವನ್ನು ಅರ್ಧಕ್ಕಿಳಿಸಿ, ಕಡೆಯ ಎರಡು ದಿನ ವಿಶ್ರಾಂತಿ ಪಡೆಯಿರಿ. ಯಾವುದಾದರೊಂದು ವಾರವು ಕಷ್ಟವೆನಿಸಿದರೆ ಅದನ್ನೇ ಮತ್ತೊಮ್ಮೆ ಮಾಡತಕ್ಕದ್ದು. ವೇಗವನ್ನು ಅಳೆಯಲು ಗಡಿಯಾರ ಬೇಡ: ಓಡುತ್ತಲೇ ಜೊತೆಗಾರನೊಡನೆ ಪೂರ್ಣ ವಾಕ್ಯವೊಂದನ್ನು ತಡೆಯಿಲ್ಲದೆ ಆಡಬಲ್ಲಿರಾದರೆ ಆ ವೇಗವು ಸರಿ, ಒಂದೆರಡು ಶಬ್ದಗಳಿಗೇ ಉಸಿರು ಸೋಲುವುದಾದರೆ ಅದು ಅತಿಯಾಯಿತು.

ಸ್ಥಳದ ವಿಷಯದಲ್ಲಿ ತಾವು ಭಾಗ್ಯವಂತರು. ಯಡಿಯೂರು ಕೆರೆಯ ಸುತ್ತಲಿನ ಪಥವೂ, ಬಸವನಗುಡಿಯ ಕೃಷ್ಣರಾವ್ ಪಾರ್ಕೂ ಸಮೀಪದಲ್ಲಿವೆ. ಲಾಲ್‌ಬಾಗಿಗೂ ನಡೆದೇ ಹೋಗಬಹುದು, ಆ ನಡಿಗೆಯೇ ಮೈಯನ್ನು ಬೆಚ್ಚಗೆ ಮಾಡುತ್ತದೆ. ಬಡಾವಣೆಯ ಫುಟ್‌ಪಾತುಗಳ ಏರುಪೇರಾದ ಕಲ್ಲುಚಪ್ಪಡಿಗಳು ಹೊಸಬರ ಪಾದ ಹೊರಳಿಸುವುದರಿಂದ ಅಲ್ಲಿ ಓಡಬೇಡಿ. ಲಾಲ್‌ಬಾಗಿನ ಕೆಂಪೇಗೌಡ ಗೋಪುರದ ಬಂಡೆಯನ್ನು ಓಡಿ ಹತ್ತಿಳಿಯುವುದನ್ನು, ಇಳಿಜಾರು ಮಂಡಿಗೆ ಅತಿಭಾರವಾಗುವುದರಿಂದ, ಈ ವರ್ಷಕ್ಕೆ ಬಿಟ್ಟುಬಿಡಿ.

ಪ್ರಶ್ನೆ: ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡ ಮೇಲೆ ನನ್ನ ಹೆಂಡತಿಗೆ ವ್ಯಾಯಾಮವೆಂದರೇ ಭಯ. ನನಗೂ ಈಗ ಅವರದೇ ವಯಸ್ಸು, 46. ನಮ್ಮ ತಂದೆಗೆ 52ರಲ್ಲಿ ಹಾರ್ಟ್ ಅಟ್ಯಾಕ್ ಆಗಿತ್ತು. ಇಸಿಜಿ ಮಾಡಿಸಿಕೊಂಡರೆ ಸಾಕೇ?

ಉತ್ತರ: 2021ರ ಅಕ್ಟೋಬರ್ 29ರ ಆ ಸುದ್ದಿಯಿಂದ ಕರ್ನಾಟಕದ ಮನೆಮನೆಗೂ ದುಃಖದೊಡನೆ ಭೀತಿಯೂ ಹೊಕ್ಕಿತು, ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ನಿಂತ ಜನಸಂದಣಿಯೇ ಅದಕ್ಕೆ ಸಾಕ್ಷಿ. ತಮ್ಮ ಪತ್ನಿಯವರ ಕಳವಳವನ್ನು ಲಘುವಾಗಿ ಕಾಣಬಾರದು. ಆದರೂ ಪ್ರಮಾಣಜ್ಞಾನವು ಅವಶ್ಯ: ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನುಗಳಲ್ಲಿ ಓಡಿದ ಸುಮಾರು ಒಂದು ಕೋಟಿ ಒಂಬತ್ತು ಲಕ್ಷ ಜನರಲ್ಲಿ ಹೃದಯಸ್ತಂಭನಕ್ಕೆ ಒಳಗಾದವರು 59 ಮಂದಿ. ಅವು ಐದೂವರೆ ಕಿಲೋಮೀಟರಿಗಿಂತ ಬಹು ದೀರ್ಘವಾದ ಓಟಗಳು. ಆದರೆ ಅವರಲ್ಲಿ ಹಲವರಿಗೆ ಮೊದಲೇ ಹೃದಯದಲ್ಲಿ ಅಡಗಿದ ದೋಷವಿತ್ತು ಎಂಬುದನ್ನೂ ಮರೆಯಕೂಡದು.

ತಮ್ಮ ತಂದೆಯವರಿಗೆ 55ಕ್ಕೆ ಮುಂಚೆಯೇ ಹೃದಯಾಘಾತವಾಗಿರುವುದರಿಂದ ತಾವು ಪರೀಕ್ಷೆ ಮಾಡಿಸಿಕೊಂಡೇ ಓಟವನ್ನು ಆರಂಭಿಸತಕ್ಕದ್ದು. ಮಧುಮೇಹ, ರಕ್ತದೊತ್ತಡ, ಧೂಮಪಾನ, ಮೂತ್ರಪಿಂಡದ ರೋಗ ಇವುಗಳಲ್ಲಿ ಯಾವುದಿದ್ದವರಿಗೂ ಇದೇ ಮಾತು. ವಿಶ್ರಾಂತಿಯಲ್ಲಿ ತೆಗೆದ ಇಸಿಜಿಯು ಸರಿಯಾಗಿದ್ದ ಮಾತ್ರದಿಂದ ರಕ್ತನಾಳಗಳಲ್ಲಿ ಅಡಚಣೆಯಿಲ್ಲವೆಂದು ಹೇಳಲಾಗದು. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಇವುಗಳ ಫಲಿತಾಂಶಗಳೊಡನೆ ವೈದ್ಯರನ್ನು ಕಾಣಿರಿ. ಟ್ರೆಡ್‌ಮಿಲ್ ಪರೀಕ್ಷೆಯಾಗಲಿ ಎಕೋ ಆಗಲಿ ಬೇಕೆ ಎಂಬುದನ್ನು ಅವರು ನಿರ್ಧರಿಸಲಿ.

ಪರೀಕ್ಷೆಗಿಂತಲೂ ಮಿಗಿಲಾದದ್ದು ಲಕ್ಷಣಗಳನ್ನು ಅಲಕ್ಷಿಸದಿರುವುದು. ಶ್ರಮಪಟ್ಟಾಗ ಎದೆಯಲ್ಲಿ ಬಿಗಿತ ಅಥವಾ ಭಾರ, ಅದು ದವಡೆಗೋ ತೋಳಿಗೋ ಬೆನ್ನಿಗೋ ಹರಡುವುದು, ಶ್ರಮಕ್ಕೆ ಮೀರಿದ ಏದುಸಿರು, ತಣ್ಣನೆಯ ಬೆವರು, ತಲೆಸುತ್ತು: ಇವುಗಳಲ್ಲಿ ಯಾವುದು ಕಂಡರೂ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗಿದವರನ್ನು ನಾವು ಎಷ್ಟೋ ಸಲ ಕಳೆದುಕೊಂಡಿದ್ದೇವೆ. ಆ ಒಂದು ಮಾತನ್ನು ತಮ್ಮ ಮನೆಯಿಂದ ಹೊರಗಟ್ಟಿರೆಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ನನಗೆ 54 ವರ್ಷ, ಹತ್ತು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತಗೊಳ್ತೀನಿ. ಸೊಸೆ ಜೊತೆಗೆ ನಾನೂ ಬರಲಾ ಅಂದರೆ ಮಗ ಬೇಡ ಅಂತಾನೆ.

ಉತ್ತರ: ತಾಯಿ, ತಮ್ಮ ವೈದ್ಯರು ಪರೀಕ್ಷಿಸಿ ಒಪ್ಪಿದರೆ ಅವಶ್ಯವಾಗಿ ಹೋಗಿ, ವೇಗವಾದ ನಡಿಗೆಯೇ ತಮಗೆ ಸಾಕು. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆಯು ಅಪಾಯಕರವಾಗಿ ಕುಸಿಯುವುದು ವಿರಳ. ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ನುಗಳಿಂದ ಕುಸಿಯಬಹುದು. ಆದುದರಿಂದ ಅಂದಿನ ಮಾತ್ರೆಯನ್ನು ಯಾವಾಗ, ಎಷ್ಟು ತೆಗೆದುಕೊಳ್ಳಬೇಕೆಂಬುದನ್ನು ಮುಂಚಿತವಾಗಿಯೇ ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಬರಿಹೊಟ್ಟೆಯಲ್ಲಿ ಹೊರಡಕೂಡದು. ಹೊರಡುವ ಮುನ್ನ ಗ್ಲುಕೋಮೀಟರಿನಲ್ಲಿ ನೋಡಿ, 100ಕ್ಕಿಂತ ಕಡಮೆಯಿದ್ದರೆ ಬಾಳೆಹಣ್ಣನ್ನೋ ನಾಲ್ಕಾರು ಬಿಸ್ಕತ್ತುಗಳನ್ನೋ ತಿಂದು ಮತ್ತೆ ನೋಡಿ. 250ನ್ನು ಮೀರಿ ಮೈ ಸರಿಯಿಲ್ಲವೆನಿಸಿದರೆ ಅಂದು ಮನೆಯಲ್ಲೇ ಉಳಿಯಿರಿ. ಸೆರಗಿನ ಗಂಟಿನಲ್ಲೋ ಜೇಬಿನಲ್ಲೋ ಮೂರು ಚಮಚೆಯಷ್ಟು ಸಕ್ಕರೆಯ ಪೊಟ್ಟಣವಿರಲಿ. ಕೈನಡುಕ, ಬೆವರು, ಕಣ್ಣು ಮಂಜು ಕಂಡೊಡನೆ ಬಾಯಿಗೆ ಹಾಕಿಕೊಳ್ಳಿ. ಮಧುಮೇಹಿಗಳ ಪಾದಕ್ಕೆ ಗುಳ್ಳೆಯೆದ್ದರೂ ತಿಳಿಯದಿರಬಹುದಾದ್ದರಿಂದ, ಹಳಗಿದ ಷೂಗಳನ್ನೂ ಹತ್ತಿಯಿಲ್ಲದ, ಬೆವರು ಹೀರುವ ಕಾಲುಚೀಲಗಳನ್ನೂ ಧರಿಸಿ, ಮನೆಗೆ ಬಂದು ಅಂಗಾಲುಗಳನ್ನು ಸೊಸೆಗೆ ತೋರಿಸಿ.

ಪ್ರಶ್ನೆ: ವಯಸ್ಸು 26. ಅಭ್ಯಾಸ ಶುರು ಮಾಡಿ ಮೂರು ವಾರ ಆಯಿತು. ಬೇಗ ಸುಸ್ತಾಗುತ್ತೆ, ಕಣಕಾಲಿನ ಮುಂದಿನ ಎಲುಬು ನೋಯುತ್ತೆ. ನೋವಿನ ಮಾತ್ರೆ ತಗೊಂಡು ಓಡಬಹುದಾ? ಮುಟ್ಟಿನ ದಿನ ಬಂದರೆ?

ಉತ್ತರ: ಮಗು, ನೋವಿನ ಮಾತ್ರೆಯನ್ನು ನುಂಗಿ ಓಡಬೇಡಿ. ಐಬುಪ್ರೊಫೆನ್, ಡೈಕ್ಲೊಫಿನಾಕುಗಳು ಶ್ರಮದ ಮತ್ತು ಬಿಸಿಲಿನ ಹೊತ್ತಿನಲ್ಲಿ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಮಾಡಬಲ್ಲವು. ಅಲ್ಲದೆ ನಿಲ್ಲೆಂದು ಹೇಳುತ್ತಿರುವ ನೋವನ್ನೇ ಮರೆಮಾಡುತ್ತವೆ. ಎಲುಬಿನ ಉದ್ದಕ್ಕೂ ಹರಡಿದ ನೋವಾದರೆ ಒಂದೆರಡು ವಾರ ಓಟವನ್ನು ಬಿಟ್ಟು, ನೋವಿಲ್ಲದಷ್ಟು ಮಾತ್ರ ನಡೆಯಿರಿ. ಬೆರಳಿಂದ ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ನೋವಿದ್ದು ವಿಶ್ರಾಂತಿಯಲ್ಲೂ ಇರುವುದಾದರೆ ಎಲುಬಿನಲ್ಲಿ ಸೂಕ್ಷ್ಮ ಬಿರುಕಿರಬಹುದಾದ್ದರಿಂದ ಮೂಳೆ ವೈದ್ಯರನ್ನು ಕಾಣಿರಿ.

ಸುಸ್ತಿನ ಕಾರಣವು ರಕ್ತಹೀನತೆಯಾಗಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಅದು ಇದೆ. ಹಿಮೋಗ್ಲೋಬಿನ್ನು 12ಕ್ಕಿಂತ ಕಡಮೆಯಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ವೇಗದ ಯೋಚನೆ. ಕಬ್ಬಿಣದ ಮಾತ್ರೆಯನ್ನಾಗಲಿ ಸೊಪ್ಪಿನ ಊಟವನ್ನಾಗಲಿ ಕಾಫಿ ಟೀಗಳೊಡನೆ ಸೇರಿಸಬೇಡಿ, ಅವು ಕಬ್ಬಿಣವು ಮೈಗೆ ಹತ್ತುವುದನ್ನು ತಡೆಯುತ್ತವೆ. ಮುಟ್ಟಿನ ದಿನ ಓಡುವುದರಿಂದ ಯಾವ ಕೆಡುಕೂ ಇಲ್ಲ. ಓಡುವುದೂ ಬಿಡುವುದೂ ತಮ್ಮ ಮೈ ಹೇಳಿದಂತೆ.

ಪ್ರಶ್ನೆ: ಓಟದ ದಿನ ಏನು ತಿನ್ನಬೇಕು, ಎಷ್ಟು ನೀರು ಕುಡಿಯಬೇಕು?

ಉತ್ತರ: ಐದೂವರೆ ಕಿಲೋಮೀಟರಿಗೆ ವಿಶೇಷ ಆಹಾರವು ಬೇಕಿಲ್ಲ. ಹಿಂದಿನ ರಾತ್ರಿ ಎಂದಿನ ಅನ್ನ ಸಾರನ್ನೇ ಉಂಡು ಬೇಗ ಮಲಗಿ. ಓಟಕ್ಕೆ ಒಂದೂವರೆ ಎರಡು ಘಂಟೆ ಮುಂಚೆ ಎರಡು ಇಡ್ಲಿಯೋ ಒಂದು ಬಾಳೆಹಣ್ಣೋ, ರೂಢಿಯಿದ್ದರೆ ಅರ್ಧ ಲೋಟ ಕಾಫಿಯೋ ಆಗಬಹುದು. ಗಾಂಧಿಬಜಾರಿನ ಮಸಾಲೆದೋಸೆಯು ಓಟದ ಅನಂತರಕ್ಕಿರಲಿ. ಒಂದು ಲೋಟ ನೀರು ಕುಡಿದು ಹೊರಟು, ದಾರಿಯಲ್ಲಿ ಬಾಯಾರಿದಷ್ಟೇ ಕುಡಿಯಿರಿ. ಕುಡಿದಷ್ಟೂ ಒಳ್ಳೆಯದೆಂಬುದು ಭ್ರಮೆ: 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷೆಗೊಳಗಾದ ಓಟಗಾರರಲ್ಲಿ ನೂರಕ್ಕೆ ಹದಿಮೂರು ಮಂದಿಗೆ ರಕ್ತದ ಸೋಡಿಯಮ್ಮು ತಗ್ಗಿತ್ತು, ಅತಿಯಾಗಿ ಕುಡಿದದ್ದು ಅದಕ್ಕೆ ಮುಖ್ಯ ಕಾರಣವಾಗಿತ್ತು. ಮುಗಿದ ಮೇಲೆ ಎಳನೀರು ಉತ್ತಮ. ಮೂತ್ರಪಿಂಡದ ರೋಗಿಗಳಿಗೆ ಮಾತ್ರ ಅದರ ಪೊಟ್ಯಾಸಿಯಮ್ಮು ಅಪಾಯಕರ. ಜ್ವರವಿದ್ದವರು ಎಷ್ಟೇ ಆಸೆಯಿದ್ದರೂ ಓಡಕೂಡದು; ಕೆಲವು ಸೋಂಕುಗಳು ಹೃದಯದ ಮಾಂಸಕ್ಕೂ ತಗಲಿರುತ್ತವೆ.

ಪ್ರಶ್ನೆ: ಓಡುವಾಗ ಪಕ್ಕದವರು ಕುಸಿದರೆ ನಾವೇನು ಮಾಡಬೇಕು?

ಉತ್ತರ: ಓಟ ಮುಗಿದ ಕೂಡಲೇ ತಟಕ್ಕನೆ ನಿಂತವರಿಗೆ ಕಾಲುಗಳಲ್ಲಿ ರಕ್ತ ತಂಗಿ ತಲೆ ತಿರುಗುವುದುಂಟು, ಮಲಗಿಸಿ ಕಾಲುಗಳನ್ನು ಎತ್ತಿ ಹಿಡಿದರೆ ಚೇತರಿಸಿಕೊಳ್ಳುತ್ತಾರೆ. ಗುರಿ ದಾಟಿದ ಮೇಲೂ ಐದು ಹತ್ತು ನಿಮಿಷ ನಡೆಯುತ್ತಲೇ ಇರಬೇಕೆಂಬುದು ಇದಕ್ಕಾಗಿಯೇ. ಮೈ ಸುಡುತ್ತಿದ್ದು ಮಾತು ತಡಬಡಿಸುವುದಾದರೆ ಬಿಸಿಲಾಘಾತ. ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತಲೇ ಸಹಾಯ ಕರೆಯಿಸಿ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಬಿದ್ದಿದ್ದರೆ ಒಬ್ಬರು 108ಕ್ಕೆ ಫೋನು ಮಾಡಿ ಓಟದ ವೈದ್ಯತಂಡವನ್ನು ಕೂಗಲಿ. ಇನ್ನೊಬ್ಬರು ಎದೆಯ ನಡುವೆ ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು, ನಿಮಿಷಕ್ಕೆ 100ರಿಂದ 120 ಸಲದಂತೆ, ಐದು ಸೆಂಟಿಮೀಟರಿನಷ್ಟು ಆಳಕ್ಕೆ ಒತ್ತುತ್ತಿರಲಿ, ಸಹಾಯ ಬರುವವರೆಗೂ ನಿಲ್ಲಿಸದಿರಲಿ. ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಓಟಕ್ಕೆ ಹೋಗುವ ಪ್ರತಿಯೊಂದು ಗುಂಪಿನಲ್ಲೂ ಇಬ್ಬರಾದರೂ ಕಲಿತಿರಬೇಕೆಂಬುದು ನನ್ನ ಆಗ್ರಹ.

ಪ್ರಶ್ನೆ: ನಾನು 67ರ ನಿವೃತ್ತ ಮೇಷ್ಟ್ರು, ದಿನಾ ಲಾಲ್‌ಬಾಗಿನಲ್ಲಿ ನಡೆಯುತ್ತೇನೆ. ಬಿ.ಪಿ.ಗೆ ಮೆಟೊಪ್ರೊಲಾಲ್ ಮಾತ್ರೆ ಇದೆ. ಓಟ ಮುಗಿದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲವಲ್ಲ?

ಉತ್ತರ: ಮೇಷ್ಟ್ರೇ, ಬಿ.ಪಿ. ಹತೋಟಿಯಲ್ಲಿದ್ದರೆ ತಾವು ನಡೆದೇ ಪಾಲ್ಗೊಳ್ಳಿ. ಆ ಮಾತ್ರೆಯು ಹೃದಯದ ಬಡಿತವನ್ನು ಏರಗೊಡುವುದಿಲ್ಲವಾದ್ದರಿಂದ ಕೈಗಡಿಯಾರ ತೋರಿಸುವ ಬಡಿತವನ್ನು ನಂಬದೆ ಮೊದಲ ಉತ್ತರದಲ್ಲಿ ಹೇಳಿದ ಮಾತಿನ ಪರೀಕ್ಷೆಯನ್ನೇ ನಂಬಿ, ಮತ್ತು ಅಂದು ಮಾತ್ರೆಯನ್ನು ತಪ್ಪಿಸಬೇಡಿ.

ತಮ್ಮ ಎರಡನೆಯ ಮಾತು ಎಲ್ಲರಿಗೂ ಸಲ್ಲತಕ್ಕದ್ದು. ಓಟದ ಮರುದಿನ ಮತ್ತು ಅದರ ಮರುದಿನ ತೊಡೆ, ಮೀನಖಂಡಗಳು ನೋಯುವುದು ಸಹಜ. ಲಘುವಾಗಿ ನಡೆದರೆ ತಾನೇ ಇಳಿಯುತ್ತದೆ. ಮೂತ್ರವು ಕಾಫಿಯ ಬಣ್ಣಕ್ಕೆ ತಿರುಗಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹತ್ತು ವಾರಗಳಲ್ಲಿ ಸಂಪಾದಿಸಿದ ಹೃದಯಬಲವು, ಅಭ್ಯಾಸವನ್ನು ಬಿಟ್ಟರೆ, ಕೆಲವೇ ವಾರಗಳಲ್ಲಿ ಕರಗಲಾರಂಭಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ವಿಧಿಸಿರುವ ವಾರದ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ತಾವು ಈಗಾಗಲೇ ಲಾಲ್‌ಬಾಗಿನಲ್ಲಿ ಪೂರೈಸುತ್ತಿರುವಿರಿ. ಮೊದಲ ಸಲ ಓಡಿದವರೂ ಒಂದು ವಾರ ಸುಧಾರಿಸಿಕೊಂಡು, ವಾರಕ್ಕೆ ಮೂರು ಬೆಳಗುಗಳನ್ನು ಇದಕ್ಕೆಂದೇ ಮೀಸಲಿಡಲಿ. ತಾವು ಅಲ್ಲಿ ಅವರನ್ನು ಕಂಡಾಗ ಹೆಸರು ಹಿಡಿದು ಮಾತನಾಡಿಸಿ. ನಾಳೆಯೂ ಬರುವಂತೆ ಮಾಡುವುದರಲ್ಲಿ ವೈದ್ಯನ ಚೀಟಿಗಿಂತ ಜೊತೆಗಾರರ ನಿರೀಕ್ಷೆಯೇ ಬಲವತ್ತರವಾದದ್ದು.