ದೊಡ್ಡ ಟೈರ್ ಹಾಕಿಸುವ ಮುನ್ನ ಸುಣ್ಣದ ಬೊಟ್ಟಿಡಿ

ಮಳೆಗಾಲದಲ್ಲಿ ತೋಟದ ದಾರಿಯ ಕೊಚ್ಚೆಯಲ್ಲಿ ಹೂತು ಹೂತು ಬೇಸತ್ತ ನನ್ನ ಸಿದ್ದಾಪುರದ ಭಾವ, ಬೊಲೆರೊಗೆ ದೊಡ್ಡ ಟೈರ್ ಹಾಕಿಸಿದ. 215/75 ಆರ್15 ಇದ್ದಲ್ಲಿ 235/75 ಆರ್15 ಬಂತು. ಗಾಡಿ ಎತ್ತರವಾಯಿತು, ನೋಡಲೂ ಗತ್ತು ಬಂತು. ಅಡಿಕೆ ಮೂಟೆ ಹೇರಿಕೊಂಡು ನಾಲ್ಕು ಸಲ ಶಿರಸಿ ಪೇಟೆಗೆ ಹೋಗಿ ಬರುವುದರೊಳಗೆ ದೂರು ಶುರು: “ಮೈಲೇಜೇ ಬತ್ತಿಲ್ಲೆ ಮಾರಾಯಾ. 14 ಇತ್ತು, ಈಗ 13 ಚಿಲ್ಲರೆ.”

ಡೀಸೆಲ್ ಖರ್ಚು ಹೆಚ್ಚಿದ್ದು ಅಷ್ಟರಲ್ಲೇ ಇತ್ತು. ಕಡಿಮೆಯಾದದ್ದು ಮೀಟರಿನ ಎಣಿಕೆ. ಸ್ಪೀಡೋಮೀಟರಿಗೆ ರಸ್ತೆ ಕಾಣುವುದಿಲ್ಲ. ಚಕ್ರವೋ ಗೇರ್‌ಬಾಕ್ಸಿನ ಶಾಫ್ಟೋ ಎಷ್ಟು ಸುತ್ತಿತು ಎಂಬುದಷ್ಟೇ ಅದಕ್ಕೆ ಗೊತ್ತು. ಒಂದು ಸುತ್ತಿಗೆ ಇಷ್ಟು ದೂರ ಎಂದು ಕಾರ್ಖಾನೆಯಲ್ಲಿ ಹೇಳಿಕೊಟ್ಟ ಮಗ್ಗಿಯನ್ನೇ ಅದು ಒಪ್ಪಿಸುತ್ತಿರುತ್ತದೆ. ಟೈರ್ ದೊಡ್ಡದಾದರೆ ಪ್ರತಿ ಸುತ್ತಿಗೂ ಗಾಡಿ ಹೆಚ್ಚು ದೂರ ಹೋಗುತ್ತದೆ, ಮಗ್ಗಿ ಮಾತ್ರ ಹಳೆಯದೇ. ಮೈಲೇಜ್ ಲೆಕ್ಕ ತಪ್ಪಿದರೆ ಹೋಗಲಿ ಬಿಡಿ. ಮುಳ್ಳು 60 ತೋರಿಸುವಾಗ ಗಾಡಿ 62.5ರಲ್ಲಿ ಓಡುತ್ತಿದ್ದರೆ ದೇವಿಮನೆ ಘಟ್ಟದ ತಿರುವಿನಲ್ಲಿ ಅದು ಬೇರೆಯೇ ಮಾತು.

ಟೈರಿನ ಮೈಮೇಲಿನ ಅಕ್ಷರ

215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 75 ಪಾಲು. 15 ಎಂಬುದು ರಿಮ್ಮಿನ ವ್ಯಾಸ, ಅದು ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರ್, ಶೇಕಡಾ, ಇಂಚು ಮೂರನ್ನೂ ತುರುಕಿದವರು ಯಾರೋ, ಅಂಗಡಿಯಲ್ಲಿ ಗೊಂದಲವಾಗುವುದು ಗಿರಾಕಿಯ ತಪ್ಪಲ್ಲ.

ಲೆಕ್ಕ ಹೀಗೆ. 15 ಇಂಚನ್ನು 25.4ರಿಂದ ಗುಣಿಸಿದರೆ 381 ಮಿ.ಮೀ. 215ರ ಮುಕ್ಕಾಲು 161.25, ಗೋಡೆ ಮೇಲೊಂದು ಕೆಳಗೊಂದು ಇರುವುದರಿಂದ ಅದರ ಎರಡು ಪಟ್ಟು, 322.5. ಕೂಡಿದರೆ ಟೈರಿನ ಪೂರ್ತಿ ವ್ಯಾಸ 703.5 ಮಿ.ಮೀ. ಭಾವನ ಹೊಸ ಟೈರಿಗೆ ಇದೇ ಲೆಕ್ಕ ಹಾಕಿದರೆ 733.5. ಹೊಸದನ್ನು ಹಳೆಯದರಿಂದ ಭಾಗಿಸಿದರೆ 1.043, ಅಂದರೆ ಶೇ 4.3 ಹೆಚ್ಚು. 14ನ್ನು 1.043ರಿಂದ ಭಾಗಿಸಿ ನೋಡಿ: 13.4. ಭಾವನ ‘13 ಚಿಲ್ಲರೆ’ ಅಲ್ಲೇ ಸಿಕ್ಕಿತು.

ಅದೇ ಗಾಡಿಗೆ 225/75 ಆರ್15 ಹಾಕಿಸಿದ್ದರೆ ವ್ಯತ್ಯಾಸ ಶೇ 2.1ಕ್ಕೆ ನಿಲ್ಲುತ್ತಿತ್ತು. 16 ಇಂಚಿನ ರಿಮ್ ಬೇಕೇ ಬೇಕು ಎನ್ನುವವರಿಗೆ 235/65 ಆರ್16 ಶೇ 1.2ರೊಳಗೆ ಬರುತ್ತದೆ, ಆದರೆ ರಬ್ಬರ್ ಗೋಡೆ ಗಿಡ್ಡವಾಗುತ್ತದೆ. ನಮ್ಮ ಕಲ್ಲು-ಕೊರಕಲಿನ ದಾರಿಗೆ ಅದು ನನಗೆ ಸರಿಕಾಣುವುದಿಲ್ಲ. ಹುಡುಗರಿಗೆ ಇಷ್ಟವಾಗುವ 31 ಇಂಚಿನ ಟೈರ್ ಹಾಕಿದರೆ ಮೀಟರಿನ 60 ಎಂದರೆ ನಿಜಕ್ಕೂ 67.

ಶೇ 3ರೊಳಗೆ ಇದ್ದರೆ ಚಿಂತೆಯಿಲ್ಲ ಎಂಬುದು ಟೈರ್ ಬಲ್ಲವರ ವಾಡಿಕೆಯ ಮಾತು. ಅದಕ್ಕೆ ಕಾರಣವಿದೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 39ನೇ ನಿಯಮದಂತೆ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸಿದರೆ ನಿಜ ವೇಗದ ಶೇ 10ರ ಮೇಲೆ 4 ಕಿ.ಮೀ.ವರೆಗೆ ಅಡ್ಡಿಯಿಲ್ಲ. ಹಾಗಾಗಿ ತಯಾರಕರು ಮುಳ್ಳನ್ನು ತುಸು ಮುಂದೆಯೇ ಇಟ್ಟಿರುತ್ತಾರೆ. ದೊಡ್ಡ ಟೈರ್ ಮೊದಲು ತಿನ್ನುವುದು ಈ ಅಂಚನ್ನೇ.

ಅಂಗಳದಲ್ಲಿ ಅಳೆಯಿರಿ

ಕಾಗದದ ಲೆಕ್ಕದಲ್ಲಿ ಟೈರ್ ಗುಂಡಗಿರುತ್ತದೆ, ನೆಲದ ಮೇಲೆ ಭಾರಕ್ಕೆ ಕೆಳಗೆ ಚಪ್ಪಟೆಯಾಗಿರುತ್ತದೆ. ಹಳೆಯ ಜೀಪಿನ 6.00-16ರಂಥ ಟೈರಿಗಂತೂ ಗೋಡೆಯ ಶೇಕಡಾವಾರು ಬರೆದೇ ಇರುವುದಿಲ್ಲ. ಅಳೆಯುವುದೇ ದಾರಿ.

ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಇದಕ್ಕೆ ಹೇಳಿ ಮಾಡಿಸಿದ ಜಾಗ. ಗಾಳಿ ಎಂದಿನಷ್ಟೇ ಇರಲಿ, ಒಳಗೆ ಇಬ್ಬರು ಕುಳಿತಿರಲಿ. ಕವಳದ ತಟ್ಟೆಯಿಂದ ಒಂದು ಬೆರಳು ಸುಣ್ಣ ತೆಗೆದು, ಹಿಂದಿನ ಚಕ್ರ ನೆಲಕ್ಕೆ ತಾಗುವಲ್ಲಿ ಟೈರಿಗೊಂದು, ನೆಲಕ್ಕೊಂದು ಬೊಟ್ಟಿಡಿ. ಗಾಡಿಯನ್ನು ನೇರವಾಗಿ, ನಿಧಾನಕ್ಕೆ ಮುಂದೆ ತಳ್ಳಿ. ಬೊಟ್ಟು ಐದನೆಯ ಸಲ ಕೆಳಗೆ ಬಂದಾಗ ನಿಲ್ಲಿಸಿ ನೆಲಕ್ಕೆ ಇನ್ನೊಂದು ಗುರುತು ಹಾಕಿ, ಟೇಪ್ ಹಿಡಿದು ಐದರಿಂದ ಭಾಗಿಸಿ. 215/75 ಆರ್15ಕ್ಕೆ ಕಾಗದದ ಸುತ್ತಳತೆ 2.21 ಮೀಟರ್, ಅಂಗಳದಲ್ಲಿ ಅದಕ್ಕಿಂತ ಕೆಲವು ಸೆಂಟಿಮೀಟರ್ ಕಡಿಮೆಯೇ ಬರುತ್ತದೆ. ಹಳೆಯ ಟೈರ್ ಬಿಚ್ಚುವ ಮೊದಲೇ ಈ ಅಳತೆ ಬರೆದಿಟ್ಟುಕೊಳ್ಳಿ. ಆಮೇಲೆ ಹೋಲಿಸಲು ಏನೂ ಉಳಿದಿರುವುದಿಲ್ಲ.

ಕೂಡಿಸಿ ಕಟ್ಟಿದ ಜೀಪಿನ ಕತೆಯೇ ಬೇರೆ

ಹರಿಯಾಣದ ಸಿರ್ಸಾ ಜಿಲ್ಲೆಯ ಮಂಡಿ ಡಬ್ವಾಲಿ ಊರು ಜೀಪು ಕಟ್ಟುವುದಕ್ಕೇ ಹೆಸರಾದದ್ದು. ಆ ಸಿರ್ಸಾಗೂ ನಮ್ಮ ಶಿರಸಿಗೂ ಹೆಸರಿನ ಹೋಲಿಕೆಯ ಜೊತೆಗೆ ಜೀಪಿನ ಹುಚ್ಚೂ ಸಮಾನ. ಹೀಗೆ ಕಟ್ಟಿದ ಗಾಡಿಯಲ್ಲಿ ಎಂಜಿನ್ ಒಂದರದು, ಗೇರ್‌ಬಾಕ್ಸ್ ಇನ್ನೊಂದರದು, ಮೀಟರ್ ಮತ್ತೊಂದರದು, ಎಲ್ಲ ಕಲಸುಮೇಲೋಗರ. ಜೀಪಿನಲ್ಲಿ ಮೀಟರಿನ ಕೇಬಲ್ ಹೊರಡುವುದು ಟ್ರಾನ್ಸ್‌ಫರ್ ಕೇಸಿನಿಂದ, ಅಂದರೆ ಹಿಂದಿನ ಆಕ್ಸೆಲ್‌ಗಿಂತ ಮೊದಲೇ. ಹಾಗಾಗಿ ಆಕ್ಸೆಲ್‌ನೊಳಗಿನ ಕ್ರೌನ್-ಪಿನಿಯನ್ ಬದಲಾದರೂ ಮೀಟರ್ ತಪ್ಪುತ್ತದೆ. 5.38 ಗೇರ್ ಅನುಪಾತದ ಆಕ್ಸೆಲ್ ತೆಗೆದು 4.88ರದು ಕೂರಿಸಿದರೆ, ಟೈರ್ ಮುಟ್ಟದಿದ್ದರೂ ಗಾಡಿ ಮೀಟರಿಗಿಂತ ಶೇ 10 ಜೋರಾಗಿ ಓಡುತ್ತಿರುತ್ತದೆ. ಮೇಲಿಂದ ಶೇ 7 ದೊಡ್ಡ ಟೈರ್ ಬಂದರೆ 1.10 ಗುಣಿಸು 1.07, ಸುಮಾರು 1.18. ಮುಳ್ಳು 50ರಲ್ಲಿ, ಗಾಡಿ 59ರಲ್ಲಿ.

ಇದಕ್ಕೆ ಮದ್ದು ಕೇಬಲಿನ ತುದಿಯ ಪುಟ್ಟ ಪಿನಿಯನ್. ಹಲ್ಲು ಕಡಿಮೆಯಾದಷ್ಟೂ ಅದು ಬೇಗ ಸುತ್ತುತ್ತದೆ: 15 ಹಲ್ಲಿನ ಜಾಗಕ್ಕೆ 14ರದು ಸಿಕ್ಕರೆ ಶೇ 7 ಸರಿಹೋಯಿತು. ಸೆನ್ಸರ್ ಇರುವ ಹೊಸ ಗಾಡಿಗಳಲ್ಲಿ ಇದೇ ಕೆಲಸವನ್ನು ಕಂಪ್ಯೂಟರಿನಲ್ಲಿ ತಿದ್ದಬೇಕು, ಅದು ಬಲ್ಲವರ ಕೈಯಲ್ಲೇ ಆಗಲಿ. ನಾಲ್ಕು ಚಕ್ರದ ಎಳೆತವಿರುವ ಜೀಪಿಗೆ ಎರಡು ಹೊಸ, ಎರಡು ಹಳೆಯ ಅಳತೆಯ ಟೈರ್ ಹಾಕಬೇಡಿ. ಮುಂದಿನ-ಹಿಂದಿನ ಶಾಫ್ಟ್ ಒಂದನ್ನೊಂದು ಜಗ್ಗಿ ಗೇರ್ ಹಾಳಾಗುತ್ತದೆ. ಸ್ಟೆಪ್ನಿಗೂ ಇದೇ ಮಾತು.

ಕಲ್ಲು ಎಣಿಸಿ

ಎಲ್ಲ ಮುಗಿದ ಮೇಲೆ ರಸ್ತೆಯಲ್ಲಿ ಪರೀಕ್ಷೆ. ಮೊಬೈಲಿನ ಜಿಪಿಎಸ್ ನೆಟ್‌ವರ್ಕ್ ಇಲ್ಲದೆಯೂ ವೇಗ ತೋರಿಸುತ್ತದೆ, ಆದರೆ ಕಾಡಿನ ನೆರಳಲ್ಲಿ ಅದರ ಅಂಕಿ ಕುಣಿಯುತ್ತದೆ. ನೇರ, ಬಯಲು ರಸ್ತೆ ಬೇಕು. ಮುಂಡಗೋಡ ದಾಟಿ ಹುಬ್ಬಳ್ಳಿ ಕಡೆ ಹೋಗುವ ಕೆಲಸವಿದ್ದ ದಿನ ನೋಡಿಕೊಳ್ಳಿ. ನನಗೆ ಹೆಚ್ಚು ನಂಬಿಕೆ ಕಿಲೋಮೀಟರ್ ಕಲ್ಲಿನ ಮೇಲೆ. ಒಂದೇ ಕಲ್ಲು ಅತ್ತಿತ್ತ ಇರಬಹುದು, ಹತ್ತು ಕಲ್ಲು ದಾಟಿ ಓಡೋಮೀಟರ್ ನೋಡಿ. 10ಕ್ಕೆ 9.6 ತೋರಿಸಿದರೆ ಗುಣಕ 1.04.

ಒಂದು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರ ಬದಲಿಸುವುದಕ್ಕೆ ಕಡಿವಾಣ ಹಾಕಿದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಒತ್ತಿ ಹೇಳಿತು. ಚಾಲಕನ ಬಾಗಿಲ ಬಳಿಯ ಸ್ಟಿಕ್ಕರಿನಲ್ಲೋ ಗಾಡಿಯ ಪುಸ್ತಕದಲ್ಲೋ ತಯಾರಕರು ಒಪ್ಪಿದ ಅಳತೆಗಳಿರುತ್ತವೆ. ಅದರೊಳಗೇ ಆರಿಸಿದರೆ ಆರ್‌ಟಿಒ ಕಚೇರಿ, ವಿಮೆ ಎರಡರ ತಲೆಬಿಸಿಯೂ ಇಲ್ಲ. ಟೈರಿನ ಮೇಲಿರುವ ಭಾರದ ಅಂಕಿಯನ್ನೂ ನೋಡಿ: 100 ಎಂದಿದ್ದರೆ ಒಂದು ಟೈರ್ 800 ಕೆ.ಜಿ. ಹೊರುತ್ತದೆ. ಮೂಲ ಟೈರಿನದಕ್ಕಿಂತ ಅದು ಕಡಿಮೆಯಾಗಬಾರದು.

ಟೈರ್ ಸವೆದಂತೆ ಲೆಕ್ಕ ಮತ್ತೆ ಜಾರುತ್ತದೆ. ಹೊಸತರಲ್ಲಿ 8 ಮಿ.ಮೀ. ಇದ್ದ ಗೀರು ಕಾನೂನಿನ ಕಡೆಯ ಮಿತಿಯಾದ 1.6ಕ್ಕೆ ಇಳಿಯುವಷ್ಟರಲ್ಲಿ ಬೊಲೆರೊ ಚಕ್ರದ ವ್ಯಾಸ ಸುಮಾರು 13 ಮಿ.ಮೀ. ಕುಗ್ಗಿ, ಮೀಟರ್ ಶೇ 1.8ರಷ್ಟು ಹೆಚ್ಚು ತೋರಿಸತೊಡಗುತ್ತದೆ. ಭಾವ ಡ್ಯಾಶ್‌ಬೋರ್ಡಿಗೆ ‘1.04’ ಎಂದು ಚೀಟಿ ಅಂಟಿಸಿಕೊಂಡಿದ್ದಾನೆ. ಟೈರ್ ಅರ್ಧ ಸವೆದಾಗ ಅದನ್ನು ಕಿತ್ತು ‘1.03’ ಬರೆಯಬೇಕು ಎಂದೆ. ಅಷ್ಟರಲ್ಲಿ ಚೀಟಿಯೂ ಸವೆದಿರುತ್ತದೆ ಎಂದ.