ಮುದಿಪ್ರಾಯದವರ ಹೊಣೆ

ವೃದ್ಧರ ಕೈಯಿಂದ ಕೆಲಸವನ್ನೆಲ್ಲಾ ತೆಗೆದುಬಿಡುವದೇ ಪ್ರೀತಿಯೆಂದು ನಾವು ಅನೇಕಾವರ್ತಿ ಎಣಿಸುತ್ತೇವೆ. ಇದು ಸರಿಯೋ ಎಂದು ವಿಚಾರಿಸೋಣ.

ಅಮೇರಿಕಾದ ಕನೆಕ್ಟಿಕಟ್ ಸಂಸ್ಥಾನದ ಒಂದು ವೃದ್ಧಾಶ್ರಮದಲ್ಲಿ ತಾವು ನಡಿಸಿದ ಪರೀಕ್ಷೆಯನ್ನು ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಎಂಬ ವಿದುಷಿಯರು 1976ರಲ್ಲಿ ಪ್ರಕಟಿಸಿದರು. ಒಂದು ಅಂತಸ್ತಿನವರಿಗೆ, ನಿಮ್ಮ ದಿನಚರಿಯನ್ನು ನೀವೇ ನಿಶ್ಚಯಿಸಿರೆಂದು ಹೇಳಿ, ಒಂದೊಂದು ಗಿಡವನ್ನು ಅವರ ಪಾಲನೆಗೇ ಒಪ್ಪಿಸಲಾಯಿತು. ಮತ್ತೊಂದು ಅಂತಸ್ತಿನವರಿಗೂ ಗಿಡಗಳು ದೊರೆತವು. ಆದರೆ ನೀರೆರೆಯುವ ಕೆಲಸವು ದಾದಿಯರದಾಗಿತ್ತು. ಮೂರು ವಾರಗಳ ತರುವಾಯ ಮೊದಲಿನವರೇ ಹೆಚ್ಚು ಚುರುಕೂ ಸಂತೋಷವೂ ಉಳ್ಳವರಾಗಿ ಕಂಡುಬಂದರು.

ಆದಕಾರಣ ಈ ದಿನ ಯಾವ ಅಡಿಗೆ ಮಾಡೋಣವೆಂದು ನಮ್ಮ ಮನೆಯ ಹಿರಿಯರನ್ನು ಕೇಳುವಾ. ಹಿತ್ತಲಿನ ಬಳ್ಳಿಗೆ ಅವರೇ ನೀರೆರೆಯಲಿ; ಕೈ ನಡುಗಿ ಸ್ವಲ್ಪ ಚೆಲ್ಲಿದರೂ ಚೆಂಬನ್ನು ನಾವು ಕಸುಕೊಳ್ಳದಿರೋಣ.