ಹುಂಚಕ್ಕೆ ಹೊರಡುವ ಮುನ್ನ ಬಾಡಿಗೆ ಲೆಕ್ಕ

ಇಕ್ಕೇರಿಯ ಅಘೋರೇಶ್ವರನಿಗಾಗಲಿ, ಕೆಳದಿಯ ರಾಮೇಶ್ವರನಿಗಾಗಲಿ, ಹುಂಚದ ಬಸದಿಗಳಿಗಾಗಲಿ ಟಿಕೆಟ್ ಇಲ್ಲ. ಅದಕ್ಕೇ ಈ ಯಾತ್ರೆ ಅಗ್ಗ ಅಂದುಕೊಂಡು ಹೊರಡುವವರೇ ಹೆಚ್ಚು. ಕೈ ಸುಡುವುದು ಗುಡಿಯೊಳಗಲ್ಲ, ಒಂದು ಗುಡಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ. ನಮ್ಮ ಮನೆಯವರ ಪ್ರವಾಸದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದು ಬಾಡಿಗೆಗೆ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಇದೆಯಲ್ಲ ಎನ್ನಬೇಡಿ. ಶಿವಮೊಗ್ಗದಿಂದ ಸಾಗರದವರೆಗೆ ಆಧಾರ್ ತೋರಿಸಿ ನಮ್ಮತ್ತೆಗೆ ಸೊನ್ನೆ ಟಿಕೆಟ್ ಸಿಕ್ಕಿತು ನಿಜ. ರಿಪ್ಪನ್‌ಪೇಟೆ ಕಡೆಯ ಬಸ್ಸು ಹತ್ತಿ ಅದೇ ಆಧಾರ್ ಕಾರ್ಡ್ ಚಾಚಿದರೆ ಕಂಡಕ್ಟರ್ ನಕ್ಕುಬಿಟ್ಟ. “ಇದು ಪ್ರೈವೇಟ್ ಬಸ್ಸಮ್ಮಾ, ಕಾರ್ಡ್ ನಡೆಯಲ್ಲ.” ಹೊಸನಗರ, ತೀರ್ಥಹಳ್ಳಿ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳದ್ದೇ ಓಡಾಟ. ಹೆಂಗಸರ ಟಿಕೆಟ್ಟಿಗೂ ದುಡ್ಡು ಎತ್ತಿಡಿ.

ಬೆಂಗಳೂರಿನಿಂದಲೇ ಕಾರು ಮಾಡಿದರೆ ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಕನಿಷ್ಠ ಬಾಡಿಗೆ, ಮೇಲೆ ಡ್ರೈವರ್ ಬಾಟಾ. ರಾತ್ರಿಯ ತಾಳಗುಪ್ಪ ರೈಲಿನಲ್ಲಿ ಮಲಗಿ ಬೆಳಿಗ್ಗೆ ಸಾಗರ ಜಂಬಗಾರಿನಲ್ಲಿ ಇಳಿಯುವುದೇ ವಾಸಿ. ಲಾಡ್ಜಿನ ಒಂದು ರಾತ್ರಿಯ ಬಾಡಿಗೆಯೂ ಉಳಿಯುತ್ತದೆ. ಇಕ್ಕೇರಿ, ಕೆಳದಿ ಎರಡೂ ಸಾಗರದಿಂದ ಹತ್ತು ಕಿಲೋಮೀಟರಿನೊಳಗೆ. ಆಟೋ ಸಾಕು. ಇಕ್ಕೇರಿ ಗುಡಿಯ ನೆಲ ನೋಡಿಕೊಂಡು ಹೆಜ್ಜೆಯಿಡಿ: ಇಕ್ಕೇರಿ ವರಹವೆಂಬ ಚಿನ್ನದ ನಾಣ್ಯ ಹೊರಡಿಸಿದ ಕೆಳದಿ ವಂಶದ ನಾಯಕರು ಅಲ್ಲಿ ಕಲ್ಲಿನಲ್ಲಿ ಉದ್ದಂಡ ಅಡ್ಡಬಿದ್ದಿದ್ದಾರೆ.

ಮರುದಿನಕ್ಕೆ ಮಾತ್ರ ಸಾಗರದಲ್ಲೇ ಕಾರು ಮಾತಾಡಿ. ಆನಂದಪುರ, ರಿಪ್ಪನ್‌ಪೇಟೆ ಹಾದು ಹುಂಚ, ಅಲ್ಲಿಂದ ತೀರ್ಥಹಳ್ಳಿ, ಕುಂದಾದ್ರಿ. ನಾಲ್ಕೈದು ಜನ ಇದ್ದರೆ ತಲೆಗೆ ಬೀಳುವುದು ಬಸ್ಸು, ಆಟೋ ಸೇರಿದ ಖರ್ಚಿಗಿಂತ ಬಹಳ ಹೆಚ್ಚಿರುವುದಿಲ್ಲ. ಶಿವಮೊಗ್ಗದಲ್ಲಿ ಇಳಿಸಿ ಅಂದರೆ ಖಾಲಿ ವಾಪಸಾಗುವ ಬಾಡಿಗೆಯನ್ನೂ ಹಿಡಿಯುತ್ತಾರೆ. ಹತ್ತುವ ಮೊದಲೇ ಕೇಳಿಕೊಳ್ಳಿ.

ಸಮಯವನ್ನೆಲ್ಲ ಹುಂಚಕ್ಕೆ ಸುರಿಯಿರಿ. ಪದ್ಮಾವತಿಯ ವಿಗ್ರಹಕ್ಕೆ ಮುಟ್ಟಿಸಿದ ಕಬ್ಬಿಣ ಚಿನ್ನವಾಗುತ್ತಿತ್ತು ಎಂಬ ಕಥೆಯ ಊರದು. (ನನ್ನಂಥ ಲೆಕ್ಕದವಳಿಗೆ ಆಸೆ ಹುಟ್ಟಿಸುವ ಕಥೆ!) ದೇವಿಗೆ ಕೈಮುಗಿದು ಹಾಗೇ ಕಾರು ಹತ್ತುವವರು ಪಂಚಕೂಟ ಬಸದಿಯನ್ನು ತಪ್ಪಿಸಿಕೊಳ್ಳುತ್ತಾರೆ. ಸಾಂತರ ಅರಸರ ಕಾಲದಲ್ಲಿ, 1077ರಲ್ಲಿ, ಚಟ್ಟಲದೇವಿ ಕಟ್ಟಿಸಿದ್ದು. ಎದುರಿನ ಮಾನಸ್ತಂಭದ ಸುತ್ತ ಒಂದು ಸಲ ನಿಧಾನ ಬಂದು ನೋಡಿ. ಅಲ್ಲಿನ ಜೈನ ಮಠದಲ್ಲಿ ಉಂಡದ್ದಕ್ಕೆ ನಮಗೆ ಬಿಲ್ ಬರಲಿಲ್ಲ. ಅಂಥ ಕಡೆಗೆಂದು ನಾನು ಕಾಣಿಕೆಯ ಹಣವನ್ನು ಬೇರೆ ಕವರಿನಲ್ಲಿ, ನೋಟಾಗಿಯೇ ಇಡುತ್ತೇನೆ. ಜೈನರ ರೂಢಿ, ಸೂರ್ಯಾಸ್ತಕ್ಕೆ ಮೊದಲೇ ಊಟ; ತಡವಾದರೆ ಹೋಟೆಲ್ ಖರ್ಚು ನಿಮ್ಮದೇ.

2025ರ ಜುಲೈನಲ್ಲಿ ಸಿಗಂದೂರಿಗೆ ಸೇತುವೆಯಾದ ಮೇಲೆ ಲಾಂಚಿಗೆ ಕಾಯುವುದು ತಪ್ಪಿದೆ. ಹಾಗಂತ ಅದನ್ನೂ ಜೋಗವನ್ನೂ ಇದೇ ಎರಡು ದಿನಕ್ಕೆ ತುರುಕಿದರೆ ನೋಡುವುದು ಕಾರಿನ ಕಿಟಕಿಯನ್ನು ಮಾತ್ರ, ಬಾಡಿಗೆ ಬೇರೆ ಏರುತ್ತದೆ. ಅವಕ್ಕೆ ಇನ್ನೊಮ್ಮೆ ಬನ್ನಿ.

ರೈಲಿನ ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಡಿಸೆಂಬರ್ ರಜೆಗೆ ಹೊರಡುವವರು ಅಕ್ಟೋಬರಿನಲ್ಲೇ ಸೀಟು ಮಾಡಿಕೊಳ್ಳಿ.